ಗುಮಾಸ್ತನ ಲೇಖನಿ ಮತ್ತು ದೇವಭಯ

ಪ್ರಾರ್ಥನಾಲಯದಲ್ಲಿ ಭಕ್ತನಾಗಿರುವವನು ಅಂಗಡಿಯಲ್ಲೂ ಕಚೇರಿಯಲ್ಲೂ ಭಕ್ತನಾಗಿ ಉಳಿಯುತ್ತಾನೆಯೇ? ಸಂಬಳ ಕೊಡುವ ಯಜಮಾನನು ಹೇಳಿದ ಕೆಲಸ ಅನ್ಯಾಯವೆಂದು ಮನಸ್ಸಾಕ್ಷಿ ನುಡಿದರೆ ಏನು ಮಾಡಬೇಕು? ದುಡಿದು ಬದುಕುವ ಪ್ರತಿಯೊಬ್ಬ ವಿಶ್ವಾಸಿಯೂ ಈ ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ. ಅದನ್ನು ಎದುರಿಸಿದ ಓರ್ವ ಕ್ರೈಸ್ತ ಗುಮಾಸ್ತನ ಜೀವನವನ್ನು ಇಲ್ಲಿ ಪರಿಶೀಲಿಸೋಣ.

ಜಾನ್ ವುಲ್ಮನ್ 1720ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಕೃಷಿಕ ಕುಟುಂಬವೊಂದರಲ್ಲಿ ಜನಿಸಿದರು. ಆ ಪ್ರದೇಶ ಆಗ ಬ್ರಿಟಿಷರ ವಶದಲ್ಲಿತ್ತು. ಅವರ ಮನೆಯವರು ಕ್ವೇಕರ್ ಎಂಬ ಕ್ರೈಸ್ತ ಪಂಗಡಕ್ಕೆ ಸೇರಿದವರು. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಎಂಬವರ ಬೋಧನೆಯಿಂದ ಹುಟ್ಟಿದ ಈ ಪಂಗಡದವರು ಮೌನವಾಗಿ ಕುಳಿತು ದೇವನನ್ನು ಆರಾಧಿಸುತ್ತಿದ್ದರು. ಸತ್ಯವಂತನ ಮಾತಿಗೆ ಆಣೆಯ ಅಗತ್ಯವಿಲ್ಲವೆಂದು ನ್ಯಾಯಾಲಯದಲ್ಲೂ ಪ್ರಮಾಣ ಮಾಡಲು ಒಪ್ಪುತ್ತಿರಲಿಲ್ಲ. ಚೌಕಾಶಿಯೇ ರೂಢಿಯಾಗಿದ್ದ ಕಾಲದಲ್ಲಿ ಎಲ್ಲರಿಗೂ ಒಂದೇ ಬೆಲೆ ಹೇಳಿ ಮಾರುತ್ತಿದ್ದರು. ಆದರೆ ಇಂತಹ ಸತ್ಯಸಂಧರಲ್ಲೂ ಅನೇಕರು ಆಫ್ರಿಕಾ ಮೂಲದ ಗುಲಾಮರನ್ನು ಇಟ್ಟುಕೊಂಡಿದ್ದರು. ಸರಕಿನ ಬೆಲೆಯಲ್ಲಿ ಸತ್ಯ ನುಡಿದವರು ಮನುಷ್ಯನಿಗೇ ಬೆಲೆ ಕಟ್ಟುತ್ತಿದ್ದರು!

ಮಾರಾಟದ ಪತ್ರ

ಇಪ್ಪತ್ತರ ಹರೆಯದಲ್ಲಿ ವುಲ್ಮನ್ ಮೌಂಟ್ ಹೋಲಿ ಎಂಬ ಊರಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು. ಒಂದು ದಿನ ಯಜಮಾನನು ತನ್ನಲ್ಲಿದ್ದ ಗುಲಾಮ ಸ್ತ್ರೀಯೊಬ್ಬಳನ್ನು ಮಾರಿ, ಕ್ರಯಪತ್ರ ಬರೆಯುವಂತೆ ಅವರಿಗೆ ಹೇಳಿದನು. ಕೊಂಡವನು ಎದುರಿನಲ್ಲೇ ಕಾದಿದ್ದನು. ವುಲ್ಮನ್‌ರ ಮನಸ್ಸು ಕಲಕಿತು. ತಾನು ವರ್ಷದ ಸಂಬಳಕ್ಕೆ ಇರುವವನು, ಆಜ್ಞೆ ಯಜಮಾನನದು, ಕೊಳ್ಳುವವನೂ ತನ್ನ ಪಂಗಡದ ಹಿರಿಯನೇ ಎಂದು ಸಮಾಧಾನ ಹೇಳಿಕೊಂಡು ಅವರು ಪತ್ರ ಬರೆದುಕೊಟ್ಟರು. ಆದರೆ ಗುಲಾಮರನ್ನು ಇಟ್ಟುಕೊಳ್ಳುವುದು ಕ್ರೈಸ್ತ ಧರ್ಮಕ್ಕೆ ಹೊಂದುವುದಿಲ್ಲವೆಂದು ಇಬ್ಬರ ಮುಂದೆಯೇ ನುಡಿದರು. ಅಷ್ಟರಿಂದ ಅವರಿಗೆ ತೃಪ್ತಿಯಾಗಲಿಲ್ಲ. ಬರೆಯಲಾರೆನೆಂದು ಹೇಳಬೇಕಿತ್ತು ಎಂಬ ಅಳಲನ್ನು ತಮ್ಮ ಜೀವನ ವೃತ್ತಾಂತದಲ್ಲಿ ದಾಖಲಿಸಿದ್ದಾರೆ. ಮುಂದೆ ಓರ್ವ ತರುಣನು ಅಂತಹದೇ ಪತ್ರ ಬರೆಯಲು ಕೇಳಿದಾಗ ಅವರು ಸೌಮ್ಯವಾಗಿ ನಿರಾಕರಿಸಿದರು.

ಮತ್ತೊಮ್ಮೆ ಅಸ್ವಸ್ಥನಾಗಿದ್ದ ನೆರೆಯವನೊಬ್ಬನು ಮರಣಶಾಸನ ಬರೆಸಲು ಕರೆದನು. ಗುಲಾಮ ಹುಡುಗಿಯನ್ನು ತನ್ನ ಮಕ್ಕಳಲ್ಲೊಬ್ಬರಿಗೆ ಕೊಡಬೇಕೆಂಬುದು ಅವನ ಇಚ್ಛೆಯಾಗಿತ್ತು. ವುಲ್ಮನ್ ಆ ಭಾಗವನ್ನು ಬಿಟ್ಟು ಉಳಿದುದನ್ನೆಲ್ಲ ಬರೆದು ಹಾಸಿಗೆಯ ಬಳಿಗೆ ಒಯ್ದರು. ಸಹಜೀವಿಯನ್ನು ಗುಲಾಮಳನ್ನಾಗಿಸುವ ಪತ್ರ ತನ್ನಿಂದ ಬರೆಯಲಾಗದು, ಬರೆದುದಕ್ಕೆ ಹಣವೂ ಬೇಡ ಎಂದರು. ಇಬ್ಬರೂ ಮಾತನಾಡಿದರು. ಕೊನೆಗೆ ರೋಗಿಯು ಆಕೆಯನ್ನು ಬಿಡುಗಡೆ ಮಾಡಲು ಒಪ್ಪಿದನು. ವುಲ್ಮನ್ ಮರಣಶಾಸನವನ್ನು ಪೂರ್ತಿಗೊಳಿಸಿದರು.

ಲಾಭಕ್ಕೊಂದು ಮಿತಿ

ನಂತರ ವುಲ್ಮನ್ ಸ್ವಂತ ಅಂಗಡಿ ಇಟ್ಟರು. ವ್ಯಾಪಾರ ವರ್ಷ ವರ್ಷವೂ ಬೆಳೆಯಿತು. ಆ ಬೆಳವಣಿಗೆಯೇ ಅವರಿಗೆ ಭಾರವೆನಿಸಿತು. ಹೆಚ್ಚಿನ ವ್ಯಾಪಾರವು ದೇವಸ್ಮರಣೆಯ ಸಮಯವನ್ನು ಕಬಳಿಸುವುದೆಂದು ಅವರು ಕಂಡುಕೊಂಡರು. 1756ರಲ್ಲಿ ಗ್ರಾಹಕರಿಗೆ ಮೊದಲೇ ತಿಳಿಸಿ ಅಂಗಡಿಯ ವ್ಯವಹಾರವನ್ನು ಕಡಿಮೆ ಮಾಡುತ್ತಾ ಬಂದರು. ಬಟ್ಟೆ ಹೊಲಿಯುತ್ತಾ, ಸೇಬಿನ ತೋಟ ನೋಡಿಕೊಳ್ಳುತ್ತಾ ಸರಳವಾಗಿ ಜೀವಿಸಿದರು. ದಕ್ಷಿಣದ ಪ್ರಾಂತ್ಯಗಳಿಗೆ ಪ್ರಯಾಣ ಮಾಡಿದಾಗ ಗುಲಾಮರು ಉಪಚರಿಸಿದ ಮನೆಗಳಲ್ಲಿ ಪುಕ್ಕಟೆ ಆತಿಥ್ಯ ಪಡೆಯಲು ಮನಸ್ಸೊಪ್ಪದೆ ಆ ಸೇವೆಗೆ ಹಣ ಕೊಡುತ್ತಿದ್ದರು.

1758ರಲ್ಲಿ ಫಿಲಡೆಲ್ಫಿಯಾದಲ್ಲಿ ಕ್ವೇಕರರ ವಾರ್ಷಿಕ ಸಭೆ ಸೇರಿದಾಗ ವುಲ್ಮನ್ ಈ ಅನ್ಯಾಯದ ಬಗ್ಗೆ ಮಾತನಾಡಿದರು. ಗುಲಾಮರ ಮಾಲಿಕರನ್ನು ಮನೆಮನೆಗೆ ಹೋಗಿ ಕಂಡು ಮನವೊಲಿಸಲು ಸಭೆ ತೀರ್ಮಾನಿಸಿತು. ಅವರೂ ಆ ಕೆಲಸಕ್ಕೆ ಹೊರಟರು. 1772ರಲ್ಲಿ ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಸಿಡುಬು ತಗುಲಿ ನಿಧನ ಹೊಂದಿದರು. 1776ರಲ್ಲಿ ಅದೇ ವಾರ್ಷಿಕ ಸಭೆಯು ಗುಲಾಮರನ್ನು ಇಟ್ಟುಕೊಂಡವರಿಗೆ ಪಂಗಡದಲ್ಲಿ ಸ್ಥಾನವಿಲ್ಲವೆಂದು ನಿರ್ಣಯಿಸಿತು. ಅಮೆರಿಕದ ಸಂವಿಧಾನವು ಗುಲಾಮಗಿರಿಯನ್ನು ನಿಷೇಧಿಸಿದ್ದು 1865ರಲ್ಲಿ ಎಂಬುದನ್ನು ನೆನೆದರೆ ಈ ನಿರ್ಣಯದ ಮಹತ್ವ ತಿಳಿಯುತ್ತದೆ.

ನಾವು ಕಲಿಯಬೇಕಾದುದು

ಒಂದನೆಯದಾಗಿ, ಯಜಮಾನನ ಆಜ್ಞೆಯು ನಮ್ಮ ಕೈಯ ಹೊಣೆಯನ್ನು ಇಳಿಸುವುದಿಲ್ಲ. ಸಹಿ ಹಾಕಿದವನು ದೇವನ ಮುಂದೆ ತಾನೇ ಉತ್ತರಿಸಬೇಕು.

ಎರಡನೆಯದಾಗಿ, ನಿರಾಕರಣೆಯಲ್ಲಿ ದ್ವೇಷವಿರಬಾರದು. ವುಲ್ಮನ್ ರೋಗಿಯನ್ನು ಬೈಯಲಿಲ್ಲ, ಬಿಟ್ಟು ಹೋಗಲೂ ಇಲ್ಲ. ನಷ್ಟವನ್ನು ತಾವೇ ಹೊತ್ತು ಪಕ್ಕದಲ್ಲಿ ಕುಳಿತರು. ಅದರಿಂದಲೇ ಒಂದು ಜೀವಕ್ಕೆ ಬಿಡುಗಡೆ ದೊರೆಯಿತು.

ಮೂರನೆಯದಾಗಿ, ಅಗತ್ಯಗಳನ್ನು ಹಿಗ್ಗಿಸಿಕೊಂಡವನಿಗೆ ಇಲ್ಲವೆನ್ನುವುದು ಕಷ್ಟ. ಸರಳವಾಗಿ ಬದುಕುವವನಿಗೆ ಕೆಲಸ ಹೋದೀತೆಂಬ ಭಯ ಕಡಿಮೆ.

ಇಂದು ಗುಲಾಮರ ಕ್ರಯಪತ್ರ ಬರೆಯಲು ನಮಗೆ ಯಾರೂ ಹೇಳುವುದಿಲ್ಲ. ಆದರೆ ಸುಳ್ಳು ಬಿಲ್ಲು, ತಿದ್ದಿದ ತೂಕ, ಕೂಲಿಯವನ ಕಡಿತಗೊಂಡ ವೇತನದ ಪಟ್ಟಿ ನಮ್ಮ ಮೇಜಿಗೆ ಬರುತ್ತವೆ. ದುಡಿದು ಮನೆಗೆ ಬಂದ ಮಗನೊಡನೆ ಎಷ್ಟು ಸಂಪಾದಿಸಿದೆಯೆಂದು ಕೇಳುವ ನಾವು, ಯಾವುದಕ್ಕೆ ಸಹಿ ಹಾಕಿದೆಯೆಂದೂ ಕೇಳುತ್ತೇವೆಯೇ? ಪ್ರತಿಯೊಂದು ಕುಟುಂಬವೂ ಇದನ್ನು ಆಲೋಚಿಸಬೇಕಾಗಿದೆ.