ಸೈನ್ಯ ಸಿದ್ಧ, ಗುಡ್ಡ ಎಲ್ಲಿ?

ಮೇಜಿನ ಮೇಲೆ ಪುಟ್ಟ ಸೈನಿಕರನ್ನು ನಿಲ್ಲಿಸಿ ಯುದ್ಧದಾಟ ಆಡುವವರೇ, ಗುಡ್ಡ, ಮನೆಗಳನ್ನು ಹೊರದೇಶದಿಂದ ತರಿಸುವ ಮೊದಲು ನಮ್ಮ ತೋಡೂರಿನ ಸುತ್ತ ಒಮ್ಮೆ ಕಣ್ಣಾಡಿಸಿ. 1913ರಲ್ಲಿ ಈ ಆಟದ ನಿಯಮ ಬರೆದ ಲೇಖಕ ಎಚ್.ಜಿ. ವೆಲ್ಸ್‌ಗೆ ಮಕ್ಕಳಾಟದ ಮರದ ಇಟ್ಟಿಗೆಗಳೇ ಮನೆ, ಗಿಡದ ಕಡ್ಡಿಗಳೇ ಕಾಡು.

ಕ್ರಿಸ್‌ಮಸ್ ಹೊತ್ತಿಗೆ ಗೋದಲಿಗೆಂದು ಮಾರುವ ಪುಟ್ಟ ಗುಡಿಸಲುಗಳು ಸಿಕ್ಕರೆ ಬಿಡಬೇಡಿ. ಸೈನಿಕನೊಬ್ಬನನ್ನು ಜೇಬಿನಲ್ಲಿ ಒಯ್ಯಿರಿ, 28 ಮಿ.ಮೀ. ಆಳು ತಲೆ ಬಗ್ಗಿಸದೆ ಬಾಗಿಲು ದಾಟುವಂತಿರಬೇಕು.

ಗುಡ್ಡಕ್ಕೆ ಹಳೆಯ ಚೌತಿ ಮಂಟಪದಿಂದ ಉಳಿದ ಥರ್ಮಾಕೋಲ್ ಸಾಕು. ಕಾಳಿ ನದಿ ಕಡಲು ಸೇರುವಲ್ಲಿನ ಸದಾಶಿವಗಡವನ್ನೇ ಮಾದರಿ ಮಾಡಿಕೊಳ್ಳಿ. ಇಳಿಜಾರು ಮಾತ್ರ ಕೆತ್ತಬೇಡಿ, ಸೈನ್ಯವೆಲ್ಲ ಜಾರಿ ಕೆಳಗೆ ಬರುತ್ತದೆ! ಎರಡಿಂಚು ಅಗಲದ ಮೆಟ್ಟಿಲುಗಳಾಗಿ ಒಂದರ ಮೇಲೊಂದು ಅಂಟಿಸಿ. ನೀರು ಬೆರೆಸಿದ ಫೆವಿಕಾಲ್ ಬಳಿದು, ಜರಡಿ ಹಿಡಿದ ಚಿರೇಕಲ್ಲಿನ ಪುಡಿ ಉದುರಿಸಿದರೆ ನಮ್ಮ ಕೆಂಪು ನೆಲ ತಾನಾಗಿ ಬರುತ್ತದೆ, ಬಣ್ಣದ ಖರ್ಚೂ ಇಲ್ಲ. ಪೊದೆಗೆ ತೆಂಗಿನ ನಾರು. ಪುಡಿಯ ಬದಲು ಕಡಲ ಮರಳಾದರೆ ಸಿಹಿನೀರಲ್ಲಿ ತೊಳೆದು ಒಣಗಿಸಿಕೊಳ್ಳಿ, ಇಲ್ಲವಾದರೆ ಉಪ್ಪು ಬಿಳಿಯಾಗಿ ಮೇಲೇಳುತ್ತದೆ. ಸ್ಪ್ರೇ ಪೇಂಟನ್ನು ಬರಿಯ ಥರ್ಮಾಕೋಲಿಗೆ ಹೊಡೆದೀರಿ ಜೋಕೆ, ಕರಗಿ ಹೊಂಡ ಬೀಳುತ್ತದೆ. ನೀರಿನಲ್ಲಿ ಕಲಸುವ ಬಣ್ಣವೇ ಲೇಸು.