ಸ್ವಿಸ್ ಆಲ್ಪೈನ್ ಕ್ಲಬ್ಬಿನ ಹಟ್‌ನಲ್ಲಿ ತಂಗುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಜ್ಯೂರಿಕ್, ಬಾಸೆಲ್ ಕಡೆ ನೆಲೆಸಿ, ಬೇಸಿಗೆಯಲ್ಲಿ ಊರಿಂದ ಬಂದ ನೆಂಟರನ್ನೂ ಕರೆದುಕೊಂಡು ಬೆಟ್ಟ ಹತ್ತಲು ಹೊರಡುವ ನಮ್ಮ ಕನ್ನಡದವರು ಚೀಲ ಕಟ್ಟುವ ಮುನ್ನ ಇದನ್ನು ಪೂರ್ತಿ ಓದಿ. ಹಟ್ ಎಂದರೆ ಬೆಟ್ಟ ಹತ್ತುವವರ ತಂಗುಮನೆ, ಹೋಟೆಲ್ ಅಲ್ಲ. ಕ್ಲಬ್ ಹುಟ್ಟಿದ 1863ರಲ್ಲೇ ಟೋಡಿ ಪರ್ವತದ ಮಗ್ಗುಲಲ್ಲಿ ಮೊದಲ ಹಟ್ ಎದ್ದಿತು. ಈಗ ಸುಮಾರು 150 ಇವೆ. ಎತ್ತರದ ಹಟ್‌ಗಳಿಗೆ ರಸ್ತೆ ಇಲ್ಲ. ಹಿಟ್ಟು, ಗ್ಯಾಸ್, ಸೌದೆ ಎಲ್ಲ ಹೆಲಿಕಾಪ್ಟರಿನಲ್ಲಿ ಬರಬೇಕು, ಕಸವೂ ಹಾಗೆಯೇ ಇಳಿಯಬೇಕು. ಅಲ್ಲಿ ಒಂದು ಬಾಟಲಿ ನೀರಿಗೆ ಪೇಟೆಗಿಂತ ಹೆಚ್ಚು ದುಡ್ಡು ಕೇಳಿದರೆ ಚೌಕಾಸಿ ಮಾಡಬಾರದು.

ಜಾಗ ಮೊದಲೇ ಕಾದಿರಿಸಬೇಕು. ಬರಲಾಗದಿದ್ದರೆ ತಪ್ಪದೆ ತಿಳಿಸಬೇಕು. ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಒಮ್ಮೆ ಮಳೆ ಬಂತೆಂದು ನಾವು ಆರು ಜನ ಅರ್ಧ ದಾರಿಯಿಂದ ಇಳಿದು ಮನೆಗೆ ಹೋಗಿಬಿಟ್ಟೆವು, ಫೋನ್ ಮಾಡಲಿಲ್ಲ. ಮೇಲೆ ಹಟ್ ನೋಡಿಕೊಳ್ಳುವ ವಾರ್ಡನ್ ಕತ್ತಲಾಗುವವರೆಗೆ ಬಾಗಿಲಲ್ಲಿ ನಿಂತು ದುರ್ಬೀನಿನಲ್ಲಿ ಹಿಮದ ಹಾದಿ ನೋಡುತ್ತಿದ್ದರಂತೆ. ರಾತ್ರಿ ಅವರೇ ಫೋನ್ ಮಾಡಿ ‘ಎಲ್ಲರೂ ಇದ್ದೀರಾ?’ ಎಂದು ಕೇಳಿದರು, ಅಷ್ಟೇ. ಆ ದನಿ ನನಗೆ ಇನ್ನೂ ಕೇಳಿಸುತ್ತದೆ. ಬರುವೆನೆಂದವನು ಬರದಿದ್ದರೆ ಅಲ್ಲಿನವರಿಗೆ ಅವನು ಹಿಮನದಿಯ ಬಿರುಕಿನಲ್ಲಿ ಬಿದ್ದಿದ್ದಾನೆ ಎಂಬ ಯೋಚನೆಯೇ ಮೊದಲು ಬರುತ್ತದೆ. ಹುಡುಕಲು ಜನ ಹೊರಟರೆ ಅವರ ಜೀವಕ್ಕೂ ಅಪಾಯ.

ಹೊರಡುವ ಮುನ್ನ ಹಟ್‌ಗೆ ಫೋನ್ ಮಾಡಿ ದಾರಿಯ ಸ್ಥಿತಿ ಕೇಳಬೇಕು. ಹಳೆಯ ನಕ್ಷೆ, ಹಳೆಯ ಫೋಟೋ ನಂಬಿ ಹೊರಡಬಾರದು. ಆಲೆಚ್ ಹಿಮನದಿಯ ಮೇಲಿರುವ ಕೊಂಕಾರ್ಡಿಯಾ ಹಟ್ 1877ರದು. ಆಗ ಹಿಮದ ಮಟ್ಟ ಈಗಿನದಕ್ಕಿಂತ ತುಂಬ ಮೇಲಿತ್ತು. ಹಿಮ ಕರಗಿ ತಗ್ಗಿದಂತೆಲ್ಲ ಬಂಡೆಗೆ ಕಬ್ಬಿಣದ ಮೆಟ್ಟಿಲು ಸೇರಿಸುತ್ತಾ ಬಂದರು. ಈಗ ಹತ್ತಬೇಕಾದ್ದು 400ಕ್ಕೂ ಹೆಚ್ಚು ಮೆಟ್ಟಿಲು. ದಣಿದ ಅಜ್ಜಿ, ಹೆದರುವ ಮಗು ಜೊತೆಗಿದ್ದರೆ ಇದನ್ನು ಮನೆಯಲ್ಲೇ ಯೋಚಿಸಬೇಕು, ಮೆಟ್ಟಿಲ ಬುಡದಲ್ಲಿ ಅಲ್ಲ.

ಬೂಟು ಹಾಕಿಕೊಂಡು ಒಳಗೆ ಹೋಗಬಾರದು. ಹೊಸ್ತಿಲಾಚೆ ಚಪ್ಪಲಿ ಬಿಟ್ಟು ಬೆಳೆದ ನಮಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಬೂಟಿನ ಕೋಣೆಯಲ್ಲಿ ಅವನ್ನಿಟ್ಟು, ಅಲ್ಲಿರುವ ಮನೆಚಪ್ಪಲಿ ಮೆಟ್ಟಿಕೊಳ್ಳಿ. ಐಸ್ ಆ್ಯಕ್ಸ್, ಮುಳ್ಳಿನ ಕ್ರ್ಯಾಂಪಾನ್, ಹಗ್ಗ ಕೂಡ ಅಲ್ಲೇ ಇರಬೇಕು, ಹಾಸಿಗೆಯ ಬಳಿ ತರಬಾರದು. ಬೂಟಿನ ಜೋಡಿಗೆ ಗುರುತು ಕಟ್ಟಿ. ಬೆಳಗಿನ ನಾಲ್ಕಕ್ಕೆ ಕತ್ತಲಲ್ಲಿ ಬೇರೆಯವರ ಬೂಟು ಮೆಟ್ಟಿಕೊಂಡು ಹೋದರೆ ಅವರ ಆ ದಿನ ಅಲ್ಲಿಗೇ ಮುಗಿಯಿತು.

ಊಟದ ವಿಷಯ. ‘ವೆಜಿಟೇರಿಯನ್’ ಎಂದರೆ ಅಲ್ಲಿ ಮೊಟ್ಟೆ, ಚೀಸ್ ಸೇರಿರುತ್ತದೆ. ಕೆಲವೊಮ್ಮೆ ಸಾರಿನಲ್ಲಿ ಮಾಂಸದ ರಸವಿರಬಹುದು. ಏನು ತಿನ್ನುವುದಿಲ್ಲ ಎಂದು ಕಾದಿರಿಸುವಾಗಲೇ ಬಿಡಿಸಿ ಹೇಳಬೇಕು. ತಟ್ಟೆ ಮುಂದೆ ಬಂದ ಮೇಲೆ ಬೇರೆ ಅಡುಗೆ ಕೇಳಬಾರದು. ಎಲ್ಲರಿಗೂ ಒಂದೇ ಹೊತ್ತಿಗೆ ಒಂದೇ ಊಟ, ತಡವಾಗಿ ಬಂದು ಬಡಿಸಿ ಎನ್ನುವಂತಿಲ್ಲ. ಚಟ್ನಿಪುಡಿಯ ಡಬ್ಬಿ ಧಾರಾಳವಾಗಿ ಒಯ್ಯಿರಿ, ಪಕ್ಕದವರಿಗೂ ಕೊಡಿ. ಆದರೆ ಒಳಗೆ ನಿಮ್ಮ ಗ್ಯಾಸ್ ಸ್ಟೌ ಹಚ್ಚಲೇಬಾರದು, ಬೆಂಕಿಯ ಅಪಾಯವಿದೆ. ಎಷ್ಟೋ ಹಟ್‌ಗಳಲ್ಲಿ ನಲ್ಲಿಯ ನೀರು ಕುಡಿಯುವಂಥದ್ದಲ್ಲ. ಸ್ನಾನದ ಮನೆ ಇಲ್ಲದಿದ್ದರೆ ಅದಕ್ಕೆ ಗೊಣಗಬಾರದು. ನೀವು ತಂದ ಪ್ಯಾಕೆಟ್, ಕಿತ್ತಳೆ ಸಿಪ್ಪೆ, ಮಗುವಿನ ಡಯಾಪರ್ ಎಲ್ಲ ನಿಮ್ಮ ಚೀಲದಲ್ಲೇ ಕೆಳಗಿಳಿಯಬೇಕು.

ಮಲಗುವುದು ಸಾಲುಹಾಸಿಗೆಯಲ್ಲಿ, ಗುರುತಿಲ್ಲದವರ ಮಗ್ಗುಲಲ್ಲಿ. ಕಂಬಳಿಯೊಳಗೆ ಮಲಗಲು ತೆಳು ಮಲಗುಚೀಲ, ರೇಷ್ಮೆಯದೋ ಹತ್ತಿಯದೋ, ನೀವೇ ತರಬೇಕು. ಕಂಬಳಿಯ ಒಂದು ತುದಿಗೆ ‘ಪಾದ’ ಎಂದು ಜರ್ಮನ್‌ನಲ್ಲಿ ನೇಯ್ದಿದ್ದರೆ ಆ ತುದಿ ಕಾಲ ಕಡೆಗೇ ಇರಲಿ. ನಿಮ್ಮ ಕಾಲು ತಾಗಿದ ಕಡೆ ನಾಳೆ ಇನ್ನೊಬ್ಬರ ಮುಖ ತಾಗಬಾರದು. ರಾತ್ರಿ ಹತ್ತರ ನಂತರ ಮಾತಿಲ್ಲ. ಮುಂಜಾನೆ ಬೇಗ ಹೊರಡುವವರು ಹಿಂದಿನ ರಾತ್ರಿಯೇ ಚೀಲ ಕಟ್ಟಿರಬೇಕು. ಮೂವತ್ತು ಜನ ಮಲಗಿರುವಾಗ ಪ್ಲಾಸ್ಟಿಕ್ ಕವರ್ ಸರಬರ ಎನ್ನಿಸಬಾರದು. ತಲೆದೀಪದ ಬೆಳಕು ನೆಲಕ್ಕಿರಲಿ, ಯಾರ ಕಣ್ಣಿಗೂ ಬೇಡ.

ಬೆಂಗಳೂರಿನ 900 ಮೀಟರಿನಿಂದ ಮೊನ್ನೆ ಬಂದವರನ್ನು ಇವತ್ತೇ 3,000 ಮೀಟರಿನ ಹಟ್‌ಗೆ ಹತ್ತಿಸಬಾರದು. ತಲೆನೋವು, ವಾಂತಿ, ನಿದ್ದೆ ಬಾರದಿರುವುದು ಕಂಡರೆ ಬಚ್ಚಿಡಬಾರದು, ವಾರ್ಡನ್‌ಗೆ ಹೇಳಬೇಕು. ಮದ್ಯ ಬೇಡ, ನಿದ್ರೆಮಾತ್ರೆ ಬೇಡ. ಹೆಚ್ಚಾದರೆ ಕೆಳಗಿಳಿಯುವುದೇ ಮದ್ದು.

ಹಟ್‌ನ ಪುಸ್ತಕದಲ್ಲಿ ಹೆಸರು ಬರೆಯಲೇಬೇಕು. ಎಷ್ಟು ಜನ, ಎಲ್ಲಿಂದ ಬಂದಿರಿ, ನಾಳೆ ಎಲ್ಲಿಗೆ ಎಂದು ಓದಲಾಗುವ ಅಕ್ಷರದಲ್ಲಿ ಬರೆಯಿರಿ. ಯಾರಾದರೂ ಕಾಣೆಯಾದರೆ ಹುಡುಕುವವರು ಮೊದಲು ತೆರೆಯುವುದು ಆ ಪುಸ್ತಕವನ್ನೇ. ರಾತ್ರಿ ಮನಸ್ಸು ಬದಲಾದರೆ ಬೆಳಿಗ್ಗೆ ತಿದ್ದಬೇಕು. ಸ್ವಿಟ್ಜರ್‌ಲೆಂಡಿನೊಳಗೆ ಅಪಾಯ ಬಂದರೆ ರೇಗಾ ಎಂಬ ಹೆಲಿಕಾಪ್ಟರ್ ರಕ್ಷಣಾ ಸೇವೆಗೆ 1414, ಅದು ಸಿಗದಿದ್ದರೆ 112. ಫೋನಿಗೆ ಸಿಗ್ನಲ್ ಇಲ್ಲದ ಕಡೆ ಸೀಟಿ ಅಥವಾ ದೀಪದಿಂದ ನಿಮಿಷಕ್ಕೆ 6 ಸಲ ಸನ್ನೆ ಮಾಡಿ, ಒಂದು ನಿಮಿಷ ಬಿಟ್ಟು ಮತ್ತೆ 6 ಸಲ. ಉತ್ತರ ಬಂದರೆ ನಿಮಿಷಕ್ಕೆ 3 ಸಲ ಕೇಳಿಸುತ್ತದೆ ಇಲ್ಲವೇ ಕಾಣಿಸುತ್ತದೆ. ಇದನ್ನು ಮಕ್ಕಳಿಗೂ ಕಲಿಸಿ.

ಕೊನೆಗೆ ಚಳಿಗಾಲದ ಕೋಣೆಯ ಮಾತು. ವಾರ್ಡನ್ ಇಳಿದು ಹೋದ ಮೇಲೂ ಅನೇಕ ಹಟ್‌ಗಳಲ್ಲಿ ಒಂದು ಕೋಣೆಗೆ ಬೀಗ ಹಾಕುವುದಿಲ್ಲ. ಒಲೆ, ಸೌದೆ, ಪಾತ್ರೆ, ಕಂಬಳಿ ಎಲ್ಲ ಅಲ್ಲಿರುತ್ತದೆ, ಕೇಳುವವರು ಮಾತ್ರ ಯಾರೂ ಇರುವುದಿಲ್ಲ. ಕೇಳುವವರಿಲ್ಲವೆಂದು ದುಡ್ಡು ಕೊಡದೆ ಹೋಗಬಾರದು. ಪೆಟ್ಟಿಗೆ ಇದ್ದರೆ ಅದಕ್ಕೆ ಹಾಕಿ, ಇಲ್ಲದಿದ್ದರೆ ಮನೆಗೆ ಬಂದು ಬ್ಯಾಂಕಿನಿಂದ ಕಳಿಸಿ. ಉರಿಸಿದಷ್ಟು ಸೌದೆ ಸೀಳಿ ಒಲೆಯ ಪಕ್ಕ ಒಟ್ಟಿಡಿ, ಜೊತೆಗೆ ಸಣ್ಣ ಚಕ್ಕೆಗಳೂ ಇರಲಿ, ಏಕೆಂದರೆ ಮುಂದೆ ಬರುವವರ ಬೆರಳು ಮರಗಟ್ಟಿ ಕೊಡಲಿ ಹಿಡಿಯಲಾಗದಿರಬಹುದು. ಆರಿದ ಬೂದಿ ತೆಗೆಯಿರಿ, ನೆಲ ಗುಡಿಸಿ, ಪಾತ್ರೆ ಒರೆಸಿ ಬೋರಲು ಹಾಕಿ. ಕಿಟಕಿಯ ಕದಗಳನ್ನು ಹೊರಗಿನಿಂದ ಬಿಗಿಯಿರಿ. ಬಾಗಿಲೆಳೆದು ಚಿಲಕ ಹಾಕಿದ ಮೇಲೆ ಕೈಯಿಂದ ಮತ್ತೊಮ್ಮೆ ತಳ್ಳಿ ನೋಡಿ. ಬೆರಳಗಲ ಸಂದಿ ಉಳಿದರೂ ಗಾಳಿಗೆ ಹಿಮ ನುಗ್ಗಿ ಹಾಸಿಗೆಯವರೆಗೆ ತುಂಬಿಕೊಳ್ಳುತ್ತದೆ.