ಹಾಸಿಗೆಯ ಮೇಲಿದ್ದವರು ನಿಮಗೆ ಋಣಿಗಳಲ್ಲ

ತಮ್ಮಾ, ತಂಗೆವ್ವಾ,

ನೀವಿಬ್ಬರೂ ಕೀನ್ಯಾಕ್ಕೆ ಹೊರಟಿದ್ದೀರಿ ಎಂದು ತಿಳಿದು ಬಹಳ ಸಂತೋಷವಾಯಿತು. ವಿಕ್ಟೋರಿಯಾ ಸರೋವರದ ದಂಡೆಯ ಹಳ್ಳಿಯೊಂದರಲ್ಲಿ ದವಾಖಾನೆ ತೆರೆಯಬೇಕು, ಅದರ ಮಗ್ಗುಲಲ್ಲೇ ಪ್ರಾರ್ಥನೆಯ ಮನೆ ನಿಲ್ಲಿಸಬೇಕು ಎಂಬುದು ನಿಮ್ಮ ಮನಸ್ಸಿನಲ್ಲಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ ಎಂದು ವರ್ಗವಾಗಿ ಅಲೆದು ಬಸವನ ಬಾಗೇವಾಡಿಯಲ್ಲಿ ನಿವೃತ್ತನಾದ ಮಾಸ್ತರ ನಾನು. ಒಬ್ಬರು ಇಂಡಿಯಲ್ಲಿ, ಇನ್ನೊಬ್ಬರು ಸಿಂದಗಿಯಲ್ಲಿ ನನ್ನ ಕೈಯಲ್ಲಿ ಓದಿದವರು. ಈಗ ಗಂಡ ಹೆಂಡತಿಯಾದ ನಿಮ್ಮಲ್ಲಿ ಒಬ್ಬರು ಡಾಕ್ಟರು, ಒಬ್ಬರು ನರ್ಸು. ನಾನು ಲಿಂಗ ಕಟ್ಟಿದವನು, ನೀವು ಚರ್ಚಿನ ಮಕ್ಕಳು. ಆದರೂ ಹೊರಡುವ ಮುನ್ನ ನನ್ನ ಆಶೀರ್ವಾದ ಬೇಕೆಂದಿರಿ. ಆಶೀರ್ವಾದ ಇದ್ದೇ ಇದೆ. ಅದರ ಜೊತೆಗೆ ನಾಲ್ಕು ಮಾತು ಹೇಳುವ ಸಲುಗೆಯನ್ನೂ ತೆಗೆದುಕೊಳ್ಳುತ್ತೇನೆ.

ಗಂಡ ಹೆಂಡತಿ ಕಡಲು ದಾಟಿ ಹೋಗಿ ದವಾಖಾನೆ ತೆರೆಯುವ ಕಥೆ ನಮ್ಮ ಸೀಮೆಗೆ ಹೊಸದಲ್ಲ. ಆದರೆ ಆ ಕಥೆಯಲ್ಲಿ ಹಾಸಿಗೆಯ ಮೇಲೆ ಮಲಗಿದ್ದವರು ನಾವು. ವಿಲಿಯಂ ವಾನ್‌ಲೆಸ್ ಎಂಬ ಕೆನಡಾ ಮೂಲದ ತರುಣ ವೈದ್ಯರು ಮಡದಿ ಮೇರಿಯ ಜೊತೆ 1889ರಲ್ಲಿ ಹಿಂದೂಸ್ತಾನಕ್ಕೆ ಬಂದರು. ಕಳಿಸಿದ್ದು ಅಮೆರಿಕದ ಪ್ರೆಸ್ಬಿಟೇರಿಯನ್ ಮಿಶನ್. ಮೊದಲು ಸಾಂಗ್ಲಿಯಲ್ಲಿ ಸಣ್ಣದೊಂದು ಔಷಧಾಲಯ, ಆಮೇಲೆ ಮಿರಜಿನಲ್ಲಿ 1894ರಲ್ಲಿ ಆಸ್ಪತ್ರೆ. ಕಣ್ಣಿನ ಪೊರೆ ತೆಗೆಯುವುದರಲ್ಲಿ ಅವರ ಕೈ ಎಷ್ಟು ಹೆಸರಾಯಿತೆಂದರೆ, ಕೃಷ್ಣೆಯ ಆಚೆ ಈಚೆಯ ಮಂದಿಯೆಲ್ಲ ಮಿರಜಿನ ದಾರಿ ಹಿಡಿದರು. ಮರಾಠಿ ಮಾತಾಡುವವರು ಬಂದ ಹಾಗೆಯೇ ಜತ್ತದ ಕಡೆಯ, ಅಥಣಿಯ, ನಮ್ಮ ವಿಜಯಪುರ ಸೀಮೆಯ ಕನ್ನಡ ಮಂದಿಯೂ ರೊಟ್ಟಿಯ ಗಂಟು ಕಟ್ಟಿಕೊಂಡು ಹೋದರು. ನಾನು ಸಣ್ಣವನಿದ್ದಾಗ ಊರಲ್ಲಿ ಯಾರಿಗಾದರೂ ರೋಗ ಬಲಿತರೆ ಹಿರಿಯರ ಬಾಯಲ್ಲಿ ಬರುತ್ತಿದ್ದುದು ಎರಡೇ ಊರು: ಸೊಲ್ಲಾಪುರ, ಇಲ್ಲವೇ ಮಿರಜ. ಗದಗ-ಬೆಟಗೇರಿಯ ಕಡೆ ಹೋದವರಿಗೆ ಬಾಸೆಲ್ ಮಿಶನ್ನಿನ ಜರ್ಮನ್ ಆಸ್ಪತ್ರೆ ಇತ್ತು.

ಆದ್ದರಿಂದ ನೀವು ಮಾಡಹೊರಟ ಕೆಲಸವನ್ನು ರೋಗಿಯ ಕಡೆಯಿಂದ ಬಲ್ಲ ನೆಲದವರು ನೀವು. ಹೊರದೇಶದ ಡಾಕ್ಟರು ಬಂದು ಮೈಮುಟ್ಟಿದಾಗ ನಮ್ಮ ಅಜ್ಜಿಯರಿಗೆ ಏನನಿಸಿತು, ಯಾವುದರಿಂದ ಹೆದರಿದರು, ಯಾವುದರಿಂದ ನಂಬಿಕೆ ಬಂತು ಎಂಬುದು ನಮ್ಮ ಮನೆಗಳಲ್ಲಿ ಇನ್ನೂ ಮಾತಾಗಿ ಉಳಿದಿದೆ. ಅಮೆರಿಕದಿಂದ ಬಂದವರಿಗೆ ಈ ತಿಳಿವಳಿಕೆ ಇರಲಿಲ್ಲ. ನಿಮಗಿದೆ. ಇದನ್ನು ಮರೆತು ಹೋಗಬೇಡಿ.

ನಾನು ಹೇಳಬೇಕಾದದ್ದರಲ್ಲಿ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹಾಸಿಗೆಯ ಮೇಲೆ ಮಲಗಿದವರು ನಿಮಗೆ ಯಾವ ಋಣವನ್ನೂ ತೀರಿಸಬೇಕಾಗಿಲ್ಲ. ಹಣದ ಋಣವಿದ್ದರೆ ಅದಕ್ಕೆ ರಸೀದಿ ಇದೆ, ಅಲ್ಲಿಗೆ ಮುಗಿಯಿತು. ನಂಬಿಕೆಯ ಋಣ ಎಂಬುದಿಲ್ಲ. ಮಗು ಉಳಿಯಿತು, ಇನ್ನು ನಮ್ಮ ಪ್ರಾರ್ಥನೆಗೆ ಬನ್ನಿ ಎಂದು ನೀವು ಬಾಯಿಬಿಟ್ಟು ಹೇಳದಿದ್ದರೂ, ಮುಖದಲ್ಲಿ ಆ ನಿರೀಕ್ಷೆ ಕಂಡರೂ ಸಾಕು, ತಾಯಿಗೆ ಅದು ಭಾರವಾಗುತ್ತದೆ. ನಾಳೆ ಎರಡನೆಯ ಮಗುವಿಗೆ ಜ್ವರ ಬಂದಾಗ ಆ ಭಾರಕ್ಕೆ ಹೆದರಿ ಆಕೆ ನಿಮ್ಮಲ್ಲಿಗೆ ಬರುವುದಿಲ್ಲ. ಆಗ ಹೋಗುವುದು ಮಗುವಿನ ಜೀವ.

ಮಿರಜಿನಲ್ಲೂ ಉಪದೇಶ ಇತ್ತು, ಪ್ರಾರ್ಥನೆ ಇತ್ತು. ಅವರು ಅದನ್ನು ಮುಚ್ಚಿಟ್ಟವರಲ್ಲ. ಆದರೂ ಅಲ್ಲಿಗೆ ಹೋದ ನಮ್ಮ ಮಂದಿಯಲ್ಲಿ ಬಹುಪಾಲು ತಾವು ಕಟ್ಟಿಕೊಂಡು ಹೋದ ಧರ್ಮದಲ್ಲೇ ಗುಣವಾಗಿ ಮರಳಿದರು. ಲೆಕ್ಕ ಇಡುವವರಿಗೆ ಇದು ಸೋಲಿನ ಹಾಗೆ ಕಂಡೀತು. ನನ್ನ ತೀರ್ಮಾನ ಬೇರೆ. ಅಷ್ಟು ವರ್ಷ, ಅಷ್ಟು ಜಾತಿ ಮತದ ಮಂದಿ ಹೆದರದೆ ಒಂದು ಮಿಶನ್ ಆಸ್ಪತ್ರೆಯ ಬಾಗಿಲು ತುಳಿದರು ಎಂಬುದೇ ಆ ಆಸ್ಪತ್ರೆಯ ದೊಡ್ಡ ಗೆಲುವು. ನಿಮ್ಮ ಧರ್ಮವನ್ನು ಬಿಟ್ಟು ಹೋಗಿ ಎಂದು ನಾನು ಹೇಳುತ್ತಿಲ್ಲ. ಹನ್ನೆರಡನೆಯ ಶತಮಾನದಲ್ಲಿ ವೈದ್ಯ ಸಂಗಣ್ಣ ಎಂಬ ಶರಣರು ಔಷಧ ಕೊಡುವ ಕಾಯಕದ ಜೊತೆಗೇ ವಚನ ಹೇಳಿದರು. ಎರಡೂ ಒಂದೇ ಮನುಷ್ಯನಲ್ಲಿ ಇರಬಹುದು. ಕೇಳಿದವರಿಗೆ ನಿಮ್ಮ ನಂಬಿಕೆಯನ್ನು ಮನಬಿಚ್ಚಿ ಹೇಳಿ. ಆದರೆ ಆ ಮಾತು ಪ್ರಾರ್ಥನೆಯ ಮನೆಯಲ್ಲಿ ಇರಲಿ, ವಾರ್ಡಿನಲ್ಲಿ ಬೇಡ. ಸಲೈನ್ ಹಚ್ಚಿಕೊಂಡು ಮಲಗಿದವರಿಗೆ ಎದ್ದು ಹೋಗುವ ಸ್ವಾತಂತ್ರ್ಯವಿರುವುದಿಲ್ಲ.

ಇನ್ನು ಭಾಷೆ. ಸ್ವಾಹಿಲಿ ಕಲಿಯಲು ಶುರುಮಾಡಿದ್ದೀರಿ, ಒಳ್ಳೆಯದು. ಅದೊಂದೇ ಸಾಲದು. ಸರೋವರದ ದಂಡೆಯ ಹಳ್ಳಿಗಳಲ್ಲಿ ಬಹುಮಂದಿ ಲುವೊ ಜನ. ಅವರ ಮನೆಮಾತು ಬೇರೆ. ಮಿರಜಿಗೆ ಹೋದ ಕನ್ನಡದ ಮುದುಕಿಯನ್ನು ನೆನೆಸಿಕೊಳ್ಳಿ. ಡಾಕ್ಟರು ಮರಾಠಿ ಕಲಿತಿದ್ದರೂ ಆಕೆಗೆ ಅದು ಅರ್ಧ ಪರಭಾಷೆಯೇ. ತನ್ನ ಹೊಟ್ಟೆಯೊಳಗಿನ ಸಂಕಟವನ್ನು ನಡುವಿನವರ ಬಾಯಲ್ಲಿ ಹೇಳಿಸಬೇಕು. ಹೆಣ್ಣುಮಕ್ಕಳ ಒಳಗಿನ ರೋಗವನ್ನು ಗಂಡಸಿನ ಬಾಯಲ್ಲಿ ಹೇಗೆ ಹೇಳಿಸುವುದು? ಎಷ್ಟೋ ಮಂದಿ ಹೇಳದೆಯೇ ಮರಳಿದರು. ತಂಗೆವ್ವಾ, ಈ ಕೆಲಸ ನಿನ್ನದು. ಡಾಕ್ಟರಿಗಿಂತ ಮೊದಲು ನರ್ಸು ಮನೆಮಾತು ಕಲಿಯಬೇಕು. ಪುಸ್ತಕದಿಂದ ಬರುವುದಲ್ಲ ಅದು. ನೀರು ತುಂಬುವ ಜಾಗದಲ್ಲಿ, ಸಂತೆಯಲ್ಲಿ, ಬಾಣಂತಿಯರ ನಡುವೆ ಕೂತು ಕಲಿ. ತಪ್ಪು ಮಾತಾಡಿದಾಗ ಅವರು ನಗಲಿ. ನಕ್ಕವರು ಆಮೇಲೆ ತಮ್ಮ ನೋವು ಹೇಳುತ್ತಾರೆ.

ಮೊದಲ ವರ್ಷ ಯಾವುದನ್ನೂ ಕಟ್ಟಬೇಡಿ ಎಂದು ಹೇಳಿದರೆ ನಿಮ್ಮ ವಯಸ್ಸಿಗೆ ರುಚಿಸಲಿಕ್ಕಿಲ್ಲ. ಆದರೂ ಹೇಳುತ್ತೇನೆ. ನಮ್ಮ ಎರೆಹೊಲದ ರೈತ ಮಳೆ ಬಿದ್ದ ಮರುದಿನವೇ ಬಿಳಿಜೋಳ ಬಿತ್ತಲು ಓಡುವುದಿಲ್ಲ, ಮಣ್ಣು ಹದಕ್ಕೆ ಬರುವ ತನಕ ತಡೆಯುತ್ತಾನೆ. ಹಾಗೆ ತಡೆಯಿರಿ. ಅಲ್ಲಿ ಈಗಾಗಲೇ ಸರಕಾರಿ ದವಾಖಾನೆ ಇರುತ್ತದೆ, ಸೂಲಗಿತ್ತಿಯರು ಇರುತ್ತಾರೆ, ಬೇರು ನಾರಿನ ಔಷಧ ಕೊಡುವವರು ಇರುತ್ತಾರೆ. ಅವರ ಮನೆಗೆ ಹೋಗಿ ಕೂತು ಮಾತಾಡಿ. ರೋಗಿಯ ಹಿಂದೆ ಬರುವ ನೆಂಟರನ್ನು ಹೊರಗಟ್ಟಬೇಡಿ. ನಮ್ಮ ಕಡೆ ಒಬ್ಬರನ್ನು ಅಡ್ಮಿಟ್ ಮಾಡಿದರೆ ಮೂರು ಮಂದಿ ಕೆಳಗೆ ಚಾಪೆ ಹಾಸುತ್ತಾರಲ್ಲ, ಅಲ್ಲಿಯೂ ಹಾಗೆಯೇ. ಅವರಿಗೊಂದು ನೆರಳು, ಒಲೆ ಹೂಡಲು ಜಾಗ, ಒಂದು ನಲ್ಲಿ ಮಾಡಿಕೊಡಿ. ಆಪರೇಶನ್ ಕೋಣೆಗಿಂತ ಮೊದಲು ಇದಾಗಲಿ. ಮನೆಯವರು ಹತ್ತಿರವಿದ್ದರೆ ರೋಗಿ ಚಿಕಿತ್ಸೆ ಮುಗಿಯುವ ತನಕ ನಿಲ್ಲುತ್ತಾರೆ, ಇಲ್ಲವಾದರೆ ಅರ್ಧಕ್ಕೇ ಎದ್ದು ಹೋಗುತ್ತಾರೆ.

ದಾನದ ಹಣದ ವಿಷಯದಲ್ಲಿ ಇಬ್ಬರೂ ಎಚ್ಚರವಾಗಿರಿ. ಆಯ್ದಕ್ಕಿ ಮಾರಯ್ಯನ ಕಥೆಯನ್ನು ತರಗತಿಯಲ್ಲಿ ಹೇಳಿದ್ದೆ, ನೆನಪಿದ್ದೀತು. ಒಂದು ದಿನ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇದು ನಮಗೆ ಸಲ್ಲದ್ದು, ಮರಳಿ ಸುರಿದು ಬಾ ಎಂದು ಕಳಿಸಿದವಳು ಹೆಂಡತಿ ಲಕ್ಕಮ್ಮ. ಹೊರದೇಶದ ಸೇವೆಯಲ್ಲಿ ಹೆಚ್ಚಿನ ಅಕ್ಕಿ ದಿನವೂ ಎದುರಿಗೆ ಬಿದ್ದಿರುತ್ತದೆ. ಮಗುವಿನ ಬಡಕಲು ಮೈಯ ಫೋಟೊ ಕಳಿಸಿ, ಕಣ್ಣೀರು ತರಿಸುವ ನಾಲ್ಕು ಸಾಲು ಬರೆಯಿರಿ, ದುಡ್ಡು ಕಳಿಸುತ್ತೇವೆ ಎನ್ನುವವರು ಇರುತ್ತಾರೆ. ನಿಮ್ಮ ತಂಗಿಯ ಫೋಟೊವನ್ನು ಹಾಗೆ ಕಳಿಸುತ್ತಿದ್ದಿರಾ ಎಂದು ಕೇಳಿಕೊಳ್ಳಿ. ಒಬ್ಬರ ಕೈ ಸೋತಾಗ ಇನ್ನೊಬ್ಬರು ಲಕ್ಕಮ್ಮನಾಗಿರಿ.

ಗಂಡ ಹೆಂಡತಿಯ ಮಾತು ಬಂತು. ಹಿಂದೆ ಬಾಸೆಲ್ ಮಿಶನ್ನಿನ ತರುಣರು ಸಾಮಾನ್ಯವಾಗಿ ಮದುವೆಯಿಲ್ಲದೆ ಬಂದು, ಕೆಲವು ವರ್ಷಗಳ ಮೇಲೆ ಮಿಶನ್ನಿನ ಅನುಮತಿ ಬೇಡಿ ಮದುವೆಯಾಗಬೇಕಿತ್ತು. ಎಷ್ಟೋ ಹೆಣ್ಣುಮಕ್ಕಳು ಸರಿಯಾಗಿ ಮುಖ ಪರಿಚಯವೂ ಇಲ್ಲದ ವರನನ್ನು ಅರಸಿ ಹಡಗು ಹತ್ತಿದರು. ಕನ್ನಡಕ್ಕೆ ನಿಘಂಟು ಕೊಟ್ಟ ಕಿಟೆಲ್ಲರ ಹೆಸರು ನಮ್ಮ ಮಕ್ಕಳಿಗೆಲ್ಲ ಗೊತ್ತು. 1864ರಲ್ಲಿ ತೀರಿಕೊಂಡ ಅವರ ಮಡದಿ ಪೌಲೀನಳನ್ನು ಯಾರು ನೆನೆಯುತ್ತಾರೆ? ವಾನ್‌ಲೆಸ್ಸರಿಗೆ ಸರ್ ಪದವಿ ಬಂತು, ಸಾಂಗ್ಲಿಯ ಬಳಿ ವಾನ್‌ಲೆಸ್‌ವಾಡಿ ಎಂದು ಒಂದು ಊರೇ ಅವರ ಹೆಸರಿನಲ್ಲಿ ನಿಂತಿತು. ಜೊತೆಗೆ ಬಂದ ಮೇರಿಯ ಹೆಸರು ನಮ್ಮ ಕಡೆ ಹತ್ತು ಮಂದಿಗೂ ತಿಳಿಯದು. ತಮ್ಮಾ, ನಿನಗೆ ಈ ಮಾತು. ದವಾಖಾನೆಯ ಕಾಗದದಲ್ಲಿ, ಬ್ಯಾಂಕಿನಲ್ಲಿ, ತೀರ್ಮಾನ ಮಾಡುವ ಸಭೆಯಲ್ಲಿ ಇಬ್ಬರ ಹೆಸರೂ ಇರಲಿ. ಆಕೆ ನಿನ್ನ ಜೊತೆಗೆ ಬಂದವಳು ಮಾತ್ರ ಎಂದು ಯಾರಾದರೂ ಅಂದರೆ ಅಲ್ಲಿಯೇ ತಿದ್ದು.

ನಿಮ್ಮ ಕೆಲಸ ಎಷ್ಟು ದಿನ ನಿಲ್ಲುತ್ತದೆ ಎಂಬುದು ನಿಮ್ಮ ಕೈಯಲ್ಲಿ ಇರುವುದಿಲ್ಲ. 1914ರಲ್ಲಿ ಯುರೋಪಿನಲ್ಲಿ ಯುದ್ಧ ಹತ್ತಿತು. ಇಲ್ಲಿದ್ದ ಬಾಸೆಲ್ ಮಿಶನ್ನಿನ ಜರ್ಮನ್ ಮಿಶನರಿಗಳು ಬ್ರಿಟಿಷರ ಕಣ್ಣಿಗೆ ಶತ್ರುಗಳಾದರು. ಅವರನ್ನು ಬಂಧನದಲ್ಲಿಟ್ಟರು, ಆಮೇಲೆ ದೇಶ ಬಿಡಿಸಿದರು. 1834ರಿಂದ ಮಂಗಳೂರಿನಲ್ಲಿ, ಅಲ್ಲಿಂದ ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿ ಎಂದು ಕಟ್ಟುತ್ತ ಬಂದದ್ದನ್ನೆಲ್ಲ ಬಿಟ್ಟು ಹೊರಡಬೇಕಾಯಿತು. ಇವತ್ತು ಯುದ್ಧವೇ ಬೇಕಿಲ್ಲ, ವೀಸಾ ಮುಂದುವರಿಸದಿದ್ದರೆ ಸಾಕು. ಅದಕ್ಕೇ ಹೇಳುತ್ತೇನೆ, ಹೋದ ದಿನದಿಂದಲೇ ನಿಮ್ಮ ಜಾಗದಲ್ಲಿ ನಿಲ್ಲುವವರನ್ನು ಆ ಊರಿನಲ್ಲೇ ಹುಡುಕಿ. ವಾನ್‌ಲೆಸ್ಸರು ಮಾಡಿದ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 1897ರಲ್ಲಿ ಅವರು ಇಲ್ಲಿಯ ಹುಡುಗರಿಗಾಗಿ ತೆರೆದ ವೈದ್ಯಕೀಯ ಶಾಲೆ. ಈಚಿನ ವರ್ಷಗಳಲ್ಲಿ ಮಿರಜಿನ ಆ ಹಳೆಯ ಆಸ್ಪತ್ರೆ ಹಣದ ಮುಗ್ಗಟ್ಟಿಗೆ ಸಿಕ್ಕಿ ಸೊರಗಿತು. ಆದರೆ ಮಿರಜ ಇಂದಿಗೂ ದವಾಖಾನೆಗಳ ಊರು. 1962ರಲ್ಲಿ ಅಲ್ಲಿ ಸರಕಾರಿ ವೈದ್ಯಕೀಯ ಕಾಲೇಜೂ ಬಂತು. ಕಲಿತ ಕೈಗಳು ಕಟ್ಟಡಕ್ಕಿಂತ ಹೆಚ್ಚು ಬಾಳಿದವು. ಸೂಜಿ ಮಾಡಲು, ಹೆರಿಗೆ ಮಾಡಿಸಲು, ಲೆಕ್ಕ ಬರೆಯಲು, ಕೊನೆಗೆ ನಿಮ್ಮನ್ನೇ ಪ್ರಶ್ನೆ ಮಾಡಲು ಅಲ್ಲಿಯ ಹುಡುಗ ಹುಡುಗಿಯರು ತಯಾರಾಗಬೇಕು.

ನಿಮ್ಮ ಮೈಯ ಬಗ್ಗೆಯೂ ಒಂದು ಮಾತು. ನಮ್ಮ ನೆರೆಯ ಸೊಲ್ಲಾಪುರದಲ್ಲಿ ಹುಟ್ಟಿದ ಡಾಕ್ಟರ್ ದ್ವಾರಕಾನಾಥ ಕೋಟ್ನೀಸ್ 1938ರಲ್ಲಿ ಐವರು ವೈದ್ಯರ ತಂಡದಲ್ಲಿ ಚೀನಾಕ್ಕೆ ಹೋದರು. ಯುದ್ಧದಲ್ಲಿ ಗಾಯಗೊಂಡವರಿಗೆ ಹಗಲು ರಾತ್ರಿ ಆಪರೇಶನ್ ಮಾಡಿದರು, ಚೀನೀ ಭಾಷೆ ಕಲಿತರು, ಗುವೊ ಚಿಂಗ್‌ಲಾನ್ ಎಂಬ ನರ್ಸನ್ನು ಮದುವೆಯಾದರು. 1942ರ ಡಿಸೆಂಬರಿನಲ್ಲಿ, ಮಗ ಹುಟ್ಟಿ ಕೆಲವೇ ತಿಂಗಳಾಗಿದ್ದಾಗ, ಮೂರ್ಛೆರೋಗ ಅವರನ್ನು ಒಯ್ದಿತು. ಆಗ ವಯಸ್ಸು 32. ಅವರ ತ್ಯಾಗಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಅದೇ ದಾರಿಯಲ್ಲಿ ನೀವು ಸವೆದು ಹೋಗಲಿ ಎಂದು ಯಾವ ಹಿರಿಯನೂ ಹರಸುವುದಿಲ್ಲ. ಸರೋವರದ ದಂಡೆಯ ಮಲೇರಿಯಾ ಬಲು ಕೆಟ್ಟದ್ದು. ಅಲ್ಲಿ ಹುಟ್ಟಿ ಬೆಳೆದವರ ಮೈಯಲ್ಲಿರುವ ತಡೆ ನಿಮ್ಮ ಮೈಯಲ್ಲಿಲ್ಲ. ಸೊಳ್ಳೆಪರದೆ ಕಟ್ಟದೆ ಒಂದು ರಾತ್ರಿಯೂ ಮಲಗಬೇಡಿ. ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಹತ್ತು ದಿನ ಮೊದಲೇ ಹಾಕಿಸಿ, ಅದರ ಹಳದಿ ಪುಸ್ತಕವನ್ನು ಪಾಸ್‌ಪೋರ್ಟಿನ ಜೊತೆಗಿಡಿ. ಅದಿಲ್ಲದೆ ಊರಿಗೆ ಬಂದರೆ ನಮ್ಮದೇ ವಿಮಾನ ನಿಲ್ದಾಣದಲ್ಲಿ ಆರು ದಿನದ ತನಕ ಬೇರೆ ಇಡುತ್ತಾರೆ. ರೋಗಿಗೆ ಹಾಕಿದ ಸೂಜಿ ಕೈಗೆ ಚುಚ್ಚಿದರೆ ಎಚ್‌ಐವಿ ತಡೆಯುವ ಗುಳಿಗೆ 72 ಗಂಟೆಯೊಳಗೆ, ಆದಷ್ಟು ಬೇಗ ಶುರುವಾಗಬೇಕೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಗೊತ್ತಿದ್ದೂ ಕೆಲಸದ ಭರದಲ್ಲಿ ಉದಾಸೀನ ಮಾಡುವವರಿದ್ದಾರೆ, ಅದಕ್ಕಾಗಿ ಹೇಳಿದೆ. ಕೀನ್ಯಾದ ವೈದ್ಯಕೀಯ ಮಂಡಳಿಯಲ್ಲಿ, ನರ್ಸುಗಳ ಮಂಡಳಿಯಲ್ಲಿ ನೋಂದಣಿ ಮುಗಿಯುವ ತನಕ ಎಷ್ಟೇ ಕರುಣೆ ಬಂದರೂ ಚಿಕಿತ್ಸೆಗೆ ಕೈಹಾಕಬೇಡಿ. ಸೇವೆಗೆ ಹೋದವರಿಗೆ ಕಾನೂನು ಸಡಿಲವಲ್ಲ.

ವಾರಕ್ಕೊಂದು ದಿನ ದವಾಖಾನೆಯ ಬಾಗಿಲನ್ನು ಬೇರೆಯವರ ಕೈಗೆ ಕೊಟ್ಟು ಇಬ್ಬರೂ ಜೊತೆಗೆ ಊಟ ಮಾಡಿ. ಅವ್ವ ಅಪ್ಪನ ಜೊತೆ ಮಾತಾಡಿ. ಸುಳ್ಳು ಧೈರ್ಯ ಹೇಳಬೇಡಿ, ಕಷ್ಟವಿದ್ದರೆ ಕಷ್ಟವೆಂದೇ ಹೇಳಿ. ಮರಳಿ ಬರಬೇಕೆನಿಸಿದರೆ ಬನ್ನಿ. ಇಲ್ಲಿ ಯಾರೂ ಅದನ್ನು ಸೋಲು ಎಂದು ಎಣಿಸುವುದಿಲ್ಲ.

ಕೊನೆಗೆ ನನ್ನದೊಂದು ಬೇಡಿಕೆ ಇದೆ. ರಾತ್ರಿ ಹೊತ್ತಿನಲ್ಲಿ ಹೆರಿಗೆ ಕಷ್ಟವಾದ ಹೆಣ್ಣುಮಕ್ಕಳನ್ನು ಸಿಂದಗಿಯಿಂದ, ಮುದ್ದೇಬಿಹಾಳದಿಂದ ವಿಜಯಪುರಕ್ಕೆ ಗಾಡಿಯಲ್ಲಿ ಒಯ್ಯುವುದನ್ನು ನೀವು ಸಣ್ಣವರಿದ್ದಾಗಿನಿಂದ ನೋಡಿದ್ದೀರಿ. ಕೀನ್ಯಾದಲ್ಲಿ ಕಲಿತದ್ದು, ಕಡಿಮೆ ಸಾಮಾನಿನಲ್ಲಿ ಜೀವ ಉಳಿಸುವ ಆ ಕೈಚಳಕ, ಇಲ್ಲಿಯೂ ಬೇಕು. ರಜೆಗೆ ಬಂದಾಗಲೆಲ್ಲ ನಮ್ಮ ನಾಲ್ಕು ತಾಲೂಕಿನ ನರ್ಸು ಹುಡುಗಿಯರನ್ನು, ಆಶಾ ಕಾರ್ಯಕರ್ತೆಯರನ್ನು ಕೂಡಿಸಿ ಎರಡು ದಿನ ಕಲಿಸಿ ಹೋಗಿ. ಜಾಗ ಹುಡುಕಿ, ಮಂದಿ ಕೂಡಿಸಿ, ಊಟಕ್ಕೆ ರೊಟ್ಟಿ ಪಲ್ಯೆಯ ವ್ಯವಸ್ಥೆ ಮಾಡುವ ಹೊಣೆ ನನ್ನದು.